ಮಬ್ರೂಕಾ ನೀರು ನಿಲ್ಲಿಸಿದ ವಾರ

ಲಕ್ವ ಹೊಡೆದ ಮೇಲೆ ನನ್ನ ಗಂಡ ತಿಜಾನಿ ನೆಲದ ಮೇಲೆ ಎರಡು ಹೆಜ್ಜೆ ಇಡಲಾರ. ನೀರಿನಲ್ಲಿ ಮಾತ್ರ ನಡೆಯುತ್ತಾನೆ. ಬೇಸಿಗೆಗೆ ಬರುವ ಬಾಡಿಗೆಯವರಿಗೆಂದು ಹಿತ್ತಲಿನಲ್ಲಿ ಕಟ್ಟಿಸಿದ ಈಜುಕೊಳ ಈಗ ಅವನೊಬ್ಬನ ಪಾಲಿಗೆ. ಎದೆಮಟ್ಟದ ನೀರಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತ, ಸೋತ ಕಾಲಿಗೆ ಬಾಯಿಗೆ ಬಂದಂತೆ ಬೈಯುತ್ತಾನೆ. ಬೈದರೆ ಬೈಯಲಿ, ನಡೆಯುತ್ತಾನಲ್ಲ! ಈ ನಡಿಗೆ ತಪ್ಪಿದರೆ ಕಾಲು ಮರಗಟ್ಟಿ ಮತ್ತೆ ಬಗ್ಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಅಂಥ ಕೊಳದ ಲೈನರ್ ಜೂನ್ ತಿಂಗಳಲ್ಲಿ ಹರಿದುಹೋಯಿತು. ಕೊಳದ ಒಳಮೈಗೆಲ್ಲ ಹೊದಿಸಿದ ಆ ನೀಲಿ ಪ್ಲಾಸ್ಟಿಕ್ ಹಾಳೆ ಬಿಸಿಲಿಗೆ ಪೆಡಸಾಗಿತ್ತು. ತೇಪೆ ಹಾಕಿದರೆ ತೇಪೆಯ ಪಕ್ಕದಲ್ಲೇ ಬಿಟ್ಟುಕೊಂಡಿತು. ನೀರು ಇಳಿದು ಇಳಿದು ತಿಜಾನಿಯ ಸೊಂಟಕ್ಕೆ ಬಂತು, ಅವನ ಭಾರ ಹೊರುವಷ್ಟು ಉಳಿಯಲಿಲ್ಲ. ಒಂದು ಬೆಳಿಗ್ಗೆ ಮುಗ್ಗರಿಸಿ ಬಿದ್ದ. ಆಮೇಲೆ ನಾನು ಅವನನ್ನು ಇಳಿಸಲಿಲ್ಲ.

ಹೊಸ ಲೈನರ್ ಹಾಕುವ ನೌಫಲ್ ಬಂದ. ಬಂದವನು ಕೊಳ ಖಾಲಿ ಮಾಡಲು ಪಂಪು ಇಳಿಸುವ ಬದಲು ಕೊಳದ ಪಕ್ಕದಲ್ಲಿ ಗುಂಡಿ ತೋಡಲು ಶುರುಮಾಡಿದ. ಮೊಣಕಾಲುದ್ದ ತೋಡುವಷ್ಟರಲ್ಲಿ ಕೆಳಗೆ ನೀರು ಜಿನುಗಿತು.

"ಚಿಕ್ಕಮ್ಮ, ಇವತ್ತು ಪಂಪ್ ಹಾಕಲ್ಲ."

"ಯಾಕಪ್ಪಾ, ನಿನ್ ಪಂಪಿಗೂ ಜ್ವರಾನಾ?"

"ಗುಂಡಿ ನೋಡಿ. ಸುತ್ತ ನೆಲದೊಳಗೆಲ್ಲ ನೀರು ತುಂಬ್ಕೊಂಡಿದೆ. ಒಳಗಿನ ನೀರು ಒತ್ತಿ ಹಿಡಿದಿರೋದಕ್ಕೇ ಗೋಡೆ ನಿಂತಿರೋದು. ಈಗ ಖಾಲಿ ಮಾಡಿದ್ರೆ ಹೊರಗಿನ ನೀರು ತಳ್ಳಿ ಗೋಡೆ ಒಳಕ್ಕೆ ಕುಸಿಯುತ್ತೆ. ಆಮೇಲೆ ಲೈನರ್ ಯಾತಕ್ಕೆ, ಕೊಳಾನೇ ಇರಲ್ಲ."

"ಮಳೆ ಮುಖ ನೋಡಿ ಎಷ್ಟು ಕಾಲ ಆಯ್ತು! ನಮ್ ಕೊಳ ಸೋರಿದ್ದೇ ಇಷ್ಟಾ?"

"ಇದು ನಿಮ್ ಸೋರಿಕೆ ಅಲ್ಲ," ಎನ್ನುತ್ತ ಅವನು ಹಿತ್ತಲ ಗೋಡೆಯ ಆಚೆಗೆ ಗಲ್ಲ ಎತ್ತಿದ. ಆಚೆ ಪಕ್ಕದ ಮನೆಯ ಮಬ್ರೂಕಾಳ ಕಿತ್ತಳೆ ತೋಟ. ಕಾಲುವೆ ತುಂಬ ನೀರು ಹರಿಯುವ ಸದ್ದು ಕೇಳುತ್ತಿತ್ತು.

ಮಬ್ರೂಕಾಗೂ ನನಗೂ ಮಾತು ಬಿಟ್ಟು ವರ್ಷಗಳಾಗಿದ್ದವು. ನಮ್ಮ ಬಾಡಿಗೆಯವರ ಈಜುಬಟ್ಟೆ ನೋಡಿ ತನ್ನ ಕೂಲಿಯಾಳುಗಳು ಕೆಲಸ ಮರೆಯುತ್ತಾರೆಂದು ಅವಳು ಬೀದಿಯಲ್ಲಿ ನಿಂತು ಕೂಗಾಡಿದ್ದಳು. ನಾನೇನು ಕಮ್ಮಿಯೇ, ಗೋಡೆಯನ್ನು ಅವಳ ತಲೆಗಿಂತ ಮೇಲಕ್ಕೆ ಏರಿಸಿಬಿಟ್ಟೆ. ಈಗ ಅವಳ ಬಾಗಿಲಿಗೆ ತಲೆ ತಗ್ಗಿಸಿಕೊಂಡು ಹೋಗಬೇಕು. ಆದರೆ ಒಳಗೆ ತಿಜಾನಿ ಮಂಚದ ಅಂಚಿನಲ್ಲಿ ಕೂತು, ಎರಡು ಕೈಯಲ್ಲಿ ಕಾಲನ್ನು ಹಿಡಿದು ಬಗ್ಗಿಸಲು ನೋಡುತ್ತಿದ್ದ. ಬಾಯಲ್ಲಿ ಒಂದು ಬೈಗುಳವೂ ಇರಲಿಲ್ಲ. ನಾನು ತಲೆಗೆ ಬಟ್ಟೆ ಸುತ್ತಿಕೊಂಡು ಹೊರಟೆ.

ಮಬ್ರೂಕಾ ಅಂಗಳದಲ್ಲಿ ಅಡಿಗೆಗೆ ಕುಸ್ಕುಸ್ ರವೆ ಜರಡಿ ಹಿಡಿಯುತ್ತಿದ್ದಳು. ನನ್ನನ್ನು ಕಂಡದ್ದೇ ಅವಳ ಕೈ ನಿಂತಿತು.

"ಹೋಗ್ಬಿಟ್ನಾ?"

"ಯಾರು?"

"ತಿಜಾನಿ."

"ಬಾಯಿ ತೊಳ್ಕೊಳೇ! ಗಟ್ಟಿಯಾಗಿದ್ದಾನೆ ನನ್ ಗಂಡ."

"ಮತ್ತೆ ಆ ಬೈಗುಳ ಎಲ್ಲಿ ಹೋಯ್ತು? ದಿನಾ ಬೆಳಿಗ್ಗೆ ಕೇಳ್ತಿತ್ತು. ಈಗ ಸದ್ದೇ ಇಲ್ಲ. ಅಳೋ ದನಿ ಯಾವಾಗ ಬರುತ್ತೋ ಅಂತ ಆ ಗೋಡೆ ಬುಡಕ್ಕೆ ಹೋಗಿ ಹೋಗಿ ಕೂತಿದ್ದೀನಿ. ಇಣುಕಿ ಕೇಳೋಣ ಅಂದ್ರೆ ನೀನು ಆಕಾಶದವರೆಗೂ ಕಟ್ಟಿದ್ದೀಯ!"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ಇದ್ದದ್ದನ್ನು ಇದ್ದಂತೆ ಹೇಳಿದೆ.

"ಎಷ್ಟು ದಿನ ನಿಲ್ಲಿಸ್ಬೇಕು ನೀರು?"

"ವಾರ ಆದ್ರೂ ಬೇಕಂತೆ."

ಅವಳು ಎದ್ದು ಹೋಗಿ ಬಾವಿಯ ಮೋಟಾರು ಆರಿಸಿ ಬಂದಳು. "ಹೋಗು ಇನ್ನು. ನಿಂಗೆ ಶರಬತ್ತು ಮಾಡ್ಕೊಡೋಷ್ಟು ಕೋಪ ಇಳಿದಿಲ್ಲ," ಅಂದಳು.

ಆ ವಾರ ಮರಳುಗಾಡಿನ ಕಡೆಯಿಂದ ಬಿಸಿಗಾಳಿ ಬೀಸಿತು. ನೌಫಲ್ ದಿನವೂ ಬಂದು ಗುಂಡಿಯನ್ನು ಇನ್ನಷ್ಟು ಆಳ ಮಾಡಿ ಇಣುಕಿ, ಇಲ್ಲವೆಂದು ತಲೆಯಾಡಿಸಿ ಹೋಗುತ್ತಿದ್ದ. ಕೊನೆಗೊಮ್ಮೆ ಗುಂಡಿಯ ತಳ ಒಣಗಿತು. ಆಗ ಅವನು ಕೊಳದ ನೀರನ್ನು ನಿಧಾನವಾಗಿ ಎಳೆದು, ಔಷಧಿ ಬೆರೆತ ನೀರು ಗಿಡಗಳಿಗೆ ಹೋಗದಂತೆ ದೂರದ ಚರಂಡಿಗೆ ಬಿಟ್ಟ. ಹಳೆಯ ಹಾಳೆ ಕಿತ್ತು ತಳದ ಬಿರುಕಿಗೆ ಸಿಮೆಂಟು ಮೆತ್ತಿದ. ಚಪ್ಪಲಿ ಬಿಟ್ಟು ಹೊಸ ಹಾಳೆಯನ್ನು ಹಾಸಿ, ಅದರ ಹಿಂದಿನ ಗಾಳಿಯನ್ನು ಯಂತ್ರದಲ್ಲಿ ಹೀರಿ ಗೋಡೆಗೆ ಅಂಟಿಸಿ, ತಡಮಾಡದೆ ನಲ್ಲಿ ತಿರುಗಿಸಿದ. ಒಂದು ಇಟ್ಟಿಗೆಯೂ ಕದಲಲಿಲ್ಲ.

ನೀರು ಎದೆಮಟ್ಟಕ್ಕೆ ಏರಿದ ಬೆಳಿಗ್ಗೆ ತಿಜಾನಿಯನ್ನು ಇಳಿಸಿದೆ. ಕಾಲು ಕೊರಡಿನಂತೆ ನಿಂತಿತು. ಅವನು ಗೋಡೆ ಹಿಡಿದು ತಿಣುಕಿ ತಿಣುಕಿ ಕೊನೆಗೂ ಮೊಣಕಾಲು ಬಗ್ಗಿಸಿದ. ಒಂದು ಹೆಜ್ಜೆ, ಆಮೇಲೆ ಇನ್ನೊಂದು. ನಾನು ಅವನನ್ನು ಮೇಲೆ ಹತ್ತಿಸಿ ಕೂರಿಸಿ, ನಗುತ್ತ ಅಳುತ್ತ ಒದ್ದೆ ಬಟ್ಟೆಯಲ್ಲೇ ಮಬ್ರೂಕಾಳ ತೋಟಕ್ಕೆ ಓಡಿದೆ.

ಮರಗಳ ಕೆಳಗೆ ನೆಲವೆಲ್ಲ ಹಸಿರಾಗಿತ್ತು. ಆಗಷ್ಟೇ ಕಚ್ಚಿದ ಹೀಚು ನೀರಿಲ್ಲದೆ ರಾಶಿರಾಶಿ ಉದುರಿಬಿದ್ದಿತ್ತು. ಮಬ್ರೂಕಾ ಕುಕ್ಕರುಗಾಲಲ್ಲಿ ಕೂತು ಬುಟ್ಟಿಗೆ ಬಳಿಯುತ್ತಿದ್ದಳು.

"ಇದೇನೇ ಮಬ್ರೂಕಾ! ಹಿಂಗಾಗುತ್ತೆ ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಬೇಡ ಅಂತ ಎದ್ದು ಹೋಗ್ತಿದ್ದೆ. ನಿನ್ ಸೊಕ್ಕು ನಂಗೊತ್ತಿಲ್ವಾ? ಮರ ಬರೋ ವರ್ಷ ಮತ್ತೆ ಬಿಡುತ್ತೆ. ತಿಜಾನಿಗೆ ಇನ್ನೊಂದು ಕಾಲು ಬಿಡುತ್ತಾ?" ಅವಳು ತಲೆ ಎತ್ತಲಿಲ್ಲ. "ನಡೆದ್ನಾ?"

"ನಡೆದ."

"ಹೆಂಗೆ ನಡೆದ? ಸರಿಯಾಗಿ ಹೇಳು."

ನಾನು ಅವಳ ಪಕ್ಕದಲ್ಲಿ ಕೂತು ಉದುರಿದ ಹೀಚನ್ನು ಮಡಿಲಿಗೆ ಬಳಿದುಕೊಳ್ಳುತ್ತ, ಮೊದಲ ಹೆಜ್ಜೆಯಿಂದ ಹೇಳತೊಡಗಿದೆ.