ಸಕ್ಕರೆಯ ಮಗಳು

ಹಲ್ಲಿಯ ಕಥೆ ಹೇಳಹೊರಟಿದ್ದಕ್ಕೆ ಓದುಗರು ಕ್ಷಮಿಸಬೇಕು. ಮೈಮೇಲೆ ಬಿದ್ದರೆ ತಲೆಸ್ನಾನ ಮಾಡಿಸುವ ಪ್ರಾಣಿ ಅದು. ವಂಶವಾಹಿಯ ವಿಷಯವನ್ನಂತೂ ಬಲ್ಲವರೇ ಹೇಳಬೇಕು. ಆದರೂ ನಿಶ್ಚಿತಾಳ ಮನೆಯಲ್ಲಿ ನಡೆದದ್ದನ್ನು ಹೇಳದೆ ಇರಲಾಗುತ್ತಿಲ್ಲ.

ಮಂಡಿ ಮೊಹಲ್ಲಾದ ಆ ಮನೆಯ ಮಹಡಿ ಕೋಣೆಯಲ್ಲಿ ಅವಳ ತಂದೆ ವೃಷಭೇಂದ್ರಪ್ಪನವರು ಗೆಕ್ಕೊ ಸಾಕುತ್ತಿದ್ದರು. ಗೋಡೆಯ ಹಲ್ಲಿಯಲ್ಲ, ಅಂಗೈ ತುಂಬುವ, ಚಿರತೆಯಂತೆ ಚುಕ್ಕೆಯಿರುವ ಸಾಕುಹಲ್ಲಿ. ಅವುಗಳಲ್ಲಿ ಒಂದಕ್ಕೆ ಮಾತ್ರ ಕಪ್ಪೇ ಇರಲಿಲ್ಲ, ಕೆನೆಯ ಬಣ್ಣ. ಅದರ ಹೆಸರು ಸಕ್ಕರೆ. ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅವರು ಮಹಡಿ ಹತ್ತುತ್ತಿದ್ದರು. ಮೊಟ್ಟೆ ಎಂಬ ಮಾತೇ ಆಡದ ಮನೆ ಅದು. ಹೆಂಡತಿ ಮಹದೇವಮ್ಮನಿಗೆ ಮುಜುಗರವಾಗದಿರಲೆಂದು ಅವರು ಮೊಟ್ಟೆಯನ್ನು ಬೀಜ ಎನ್ನುತ್ತಿದ್ದರು.

"ಈ ಕೆನೆಬಣ್ಣ ಅಪ್ಪ ಅವ್ವ ಇಬ್ಬರ ಕಡೆಯಿಂದ್ಲೂ ಬಂದ್ರೇನೇ ಹೊರಗೆ ಕಾಣೋದು ಮಗಳೇ. ಒಬ್ಬರಿಂದ ಬಂದ್ರೆ ಒಳಗೇ ಬಚ್ಚಿಟ್ಕೊಂಡು ಕೂತಿರ್ತದೆ."

"ನಿಮ್ಮ ಹಠ ನನ್ನೊಳಗೆ ಕೂತಂಗಾ?"

"ಅದೆಲ್ಲಿ ಕೂತದೆ? ಬೀದಿಗೆಲ್ಲ ಕೇಳಿಸ್ತದೆ."

ಅವರು ತೀರಿಕೊಂಡ ಮೇಲೆ ಸ್ನೇಹಿತ ಯೋಗೇಂದ್ರ ಗೆಕ್ಕೊಗಳ ಡಬ್ಬಿಗಳನ್ನೆಲ್ಲ ಆಟೋದಲ್ಲಿ ಉದಯಗಿರಿಯ ತಮ್ಮ ಮನೆಗೆ ಒಯ್ದರು. ಆ ಗಡಿಬಿಡಿಯಲ್ಲಿ ಸಕ್ಕರೆಯ ಚುಕ್ಕೆಮರಿ ಯಾವುದು, ಉಳಿದವುಗಳದ್ದು ಯಾವುದು ಎಂಬುದು ಅದಲುಬದಲಾಯಿತು. ಸಕ್ಕರೆ ಹೆಚ್ಚು ಕಾಲ ಉಳಿಯಲಿಲ್ಲ. ಮರುವರ್ಷ ಯೋಗೇಂದ್ರ ಚುಕ್ಕೆಯ ಹೆಣ್ಣೊಂದನ್ನು ತಂದುಕೊಟ್ಟರು.

"ಸಕ್ಕರೆ ಮಗಳು ಇದೇ ಅನ್ಸುತ್ತೆ ಕಣಮ್ಮ. ಆಣೆ ಇಡಕ್ಕಾಗಲ್ಲ. ಕೆನೆಬಣ್ಣದ ಗಂಡಿನ ಜೊತೆ ಬಿಟ್ಟು ನೋಡು. ಒಂದೇ ಒಂದು ಕೆನೆ ಮರಿ ಬಂದ್ರೂ ಇವಳೇ ಅವಳು. ಬರಲಿಲ್ಲ ಅಂದ್ರೆ ಅಲ್ಲ ಅಂತಾನೂ ಹೇಳಕ್ಕಾಗಲ್ಲ."

ಅಪ್ಪ ಕೈಯಾರೆ ಸಾಕಿದ್ದರ ಒಂದು ಎಳೆಯಾದರೂ ಈ ಮನೆಯಲ್ಲಿ ಉಳಿದಿದೆಯೇ? ನಿಶ್ಚಿತಾಳಿಗೆ ಬೇಕಿದ್ದದ್ದು ಅಷ್ಟೇ. ಮಂಡಕಳ್ಳಿಯ ಪರಿಚಯದವರಿಂದ ಕೆನೆಬಣ್ಣದ ಗಂಡನ್ನು ಎರವಲು ತಂದಳು. ಹುಟ್ಟಿದ ಮರಿಗಳೆಲ್ಲ ಚುಕ್ಕೆಯವೇ. ಋತು ಮುಗಿಯುವಾಗ ಕೊನೆಯ ಜೋಡಿ ಮೊಟ್ಟೆ ಬಂತು. ಅಪ್ಪ ಹೇಳಿಕೊಟ್ಟಂತೆ ಮೇಲ್ಬದಿಗೆ ಪೆನ್ಸಿಲ್ ಗುರುತು ಹಾಕಿದಳು. ಈ ಮೊಟ್ಟೆ ಮಗುಚಿದರೆ ಒಳಗಿನ ಜೀವಕ್ಕೆ ಅಪಾಯ.

ಒಂದು ಸೋಮವಾರ ಕೆಲಸದಿಂದ ಬಂದು ನೋಡಿದರೆ, ಪೆನ್ಸಿಲ್ ಗುರುತು ಕಾಣದು. ಎರಡು ಮೊಟ್ಟೆಗಳ ಮೇಲೂ ವಿಭೂತಿಯ ಮೂರು ಗೆರೆ.

"ಅವ್ವ, ಇವನ್ನ ತಿರುಗಿಸಿದ್ಯಾ?"

"ಹಿಂದೆ ಮುಂದೆ ಎಲ್ಲ ಒರೆಸಿ ಮಡಿ ಮಾಡಿಟ್ಟೆ ಕಣೆ. ಅವರ ಕೈಯಂತೂ ಇಲ್ಲ, ಶಿವನ ಕೈಯಾದ್ರೂ ಇರ್ಲಿ ಅಂತ."

ಆ ಕೋಣೆಯ ಹೊಸಿಲನ್ನೇ ತುಳಿಯದಿದ್ದವಳು, ಮೊಟ್ಟೆಯನ್ನು ಮುಟ್ಟಿದ್ದಳು. ನಿಶ್ಚಿತಾ ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದಳು.

ಒಂದರಿಂದ ಚುಕ್ಕೆಯ ಮರಿ ಬಂತು. ಇನ್ನೊಂದು ಒಡೆಯಲೇ ಇಲ್ಲ. ಅವಳೇ ಬಿಡಿಸಿ ನೋಡಿದಳು. ಎಂದೋ ಸತ್ತ ಪುಟ್ಟ ಜೀವ, ಮೈಯೆಲ್ಲ ಬೆಳ್ಳಗೆ. ಯೋಗೇಂದ್ರರಿಗೆ ಫೋನ್ ಮಾಡಿದಳು.

"ಬೆಳ್ಳಗಿದೆ ಅಂಕಲ್."

"ಚುಕ್ಕೆ ಮೂಡೋದು ಕೊನೆಗೆ ಕಣಮ್ಮ. ಅದಕ್ಕೂ ಮುಂಚೆ ಸತ್ತಿದ್ರೆ ಯಾವ ಮರಿಯಾದ್ರೂ ಬೆಳ್ಳಗೇ."

ಮಹದೇವಮ್ಮ ಬಾಗಿಲಲ್ಲೇ ನಿಂತಿದ್ದಳು. "ಅವರದೇನಾ?"

"ಗೊತ್ತಿಲ್ಲ ಅವ್ವ."

ಆ ಹೆಣ್ಣು ಮತ್ತೆ ಮೊಟ್ಟೆ ಇಡಲಿಲ್ಲ. ಆ ಮರಿ ಬದುಕಿದ್ದರೆ ಯಾವ ಬಣ್ಣ ತಾಳುತ್ತಿತ್ತೋ, ಅದು ಇವತ್ತಿಗೂ ಯಾರಿಗೂ ತಿಳಿದಿಲ್ಲ.