ಕೆಳತುಟಿಯ ಗುಳ್ಳೆ

ಏಳು, ಎಂಟು, ಚುಚ್ಚುತ್ತಿರುವವರು ಡಾಕ್ಟರ್ ಪರಮಶಿವಯ್ಯ, ಎಣಿಸುತ್ತಿರುವವಳು ನಾನು, ದಿನಾ ಊರವರ ತೋಳು ಹಿಡಿದು ಹದಿನೈದು ಎಣಿಸಿ ಎಣಿಸಿ ಬಾಯಿಗೆ ರೂಢಿಯಾಗಿಬಿಟ್ಟಿದೆ, ಒಂಬತ್ತು, ಎರಡು ಮೊನೆಯ ಸೂಜಿ, ನಡುವೆ ಒಂದು ಹನಿ ದಾಕು, ಸಿಡುಬಿನ ಲಸಿಕೆ — ಇರುವೆ ಕಚ್ಚಿದಂಗೆ ಅಷ್ಟೆ ಕಣೋ ಅಂತ ಎಷ್ಟು ಮಕ್ಕಳಿಗೆ ಸುಳ್ಳು ಹೇಳಿದ್ದೇನೆ, ಇರುವೆಗಿಂತ ಜೋರಾಗಿಯೇ ಇದೆ. ಚೇಳೂರು ಉಪಕೇಂದ್ರದ ಇದೇ ಜಗಲಿ, ಇದೇ ಬೆಂಚು, ಇವತ್ತು ಕೂತವಳು ನರ್ಸಮ್ಮ. ಡಾಕ್ಟರು ಗುಬ್ಬಿಯಿಂದ ಜೀಪಿನಲ್ಲಿ ಓಡಿ ಬಂದಿದ್ದಾರೆ, ಪಾಪ, ಊಟವೂ ಆಗಿಲ್ಲ. ಸಿಡುಬು ಹೋಯಿತು, ವರ್ಷದಿಂದ ಎಲ್ಲೂ ಇಲ್ಲ ಅಂತಾರೆ, ಆದರೂ ಮನೆಮನೆ ನೋಡು, ಜ್ವರದ ಜೊತೆ ಗುಳ್ಳೆ ಕಂಡರೆ ಹೇಳಿಕಳಿಸು ಅಂತ ಸುತ್ತೋಲೆ, ಬೆಳಿಗ್ಗೆ ಮರಿಯಮ್ಮಜ್ಜಿಯ ಮನೆಯಲ್ಲಿ, ಮೊಮ್ಮಗುವಿನ ಮೈಮೇಲೆ ಕಂಡಿತು, ಹೇಳಿಕಳಿಸಿದೆ, ಹನ್ನೊಂದು, ಹನ್ನೆರಡು. ಸೀತಾಳೆ ಸಿಡುಬಿರ್ಬೋದು ಕಣಮ್ಮ ಗಂಗಾಂಬಿಕೆ, ಎದೆ ಮೇಲೆ ಜಾಸ್ತಿ ಇದೆಯಲ್ಲ, ಅಂದರು, ಆ ಮನೆ ನೋಡಿ ಬಂದು. ಹೌದು ಸಾರ್, ಆದ್ರೆ ಅಂಗೈಲೂ ಎರಡಿವೆ. ದಾಕಿನ ಸೂಜಿ ಕೈಗೆತ್ತಿಕೊಂಡರು. ಅಂಗೈಗೆ ಇಳಿಯುವುದು ಹೆಚ್ಚಾಗಿ ದೊಡ್ಡ ಸಿಡುಬು. ತೆಗೆದ ಹಕ್ಕಳೆ ಡಬ್ಬಿಯಲ್ಲಿದೆ, ದೂರದ ಲ್ಯಾಬಿಗೆ ಹೋಗಬೇಕು, ಉತ್ತರ ಬರಲು ಹತ್ತು ಹನ್ನೆರಡು ದಿನ. ಹದಿನೈದು. ಒರೆಸ್ಬೇಡಮ್ಮ, ಅಂದರು — ನನಗೇ!

ಮುಟ್ಟಿದ ಮೂರು ದಿನದೊಳಗೆ ದಾಕು ಹಾಕಿದರೆ ಭಯ ಕಡಿಮೆ, ಉಟ್ಟ ಸೀರೆ ಕುದಿಸಬೇಕು, ಮನೆಯವರ ಹತ್ತಿರ ಸುಳಿಯಬಾರದು, ಎಲ್ಲ ಬಾಯಿಪಾಠ, ಅದಕ್ಕೇ ಬೆಳಿಗ್ಗೆ ಆ ಮನೆಯಿಂದ ಬಂದವಳು ಹಿಂಬದಿಯ ನನ್ನ ಕ್ವಾರ್ಟರ್ಸಿಗೆ ಕಾಲಿಟ್ಟಿಲ್ಲ. ಏನೇನು ಮುಟ್ಟಿದೆಯಮ್ಮ, ಕೇಳಿದರು. ಕೂಸಿನ ಮೈ ಮುಟ್ಟಿದೆ ಸಾರ್, ಹಕ್ಕಳೆ ತೆಗೆದೆ. ಅಷ್ಟೇನಾ? ಅಷ್ಟೆ ಸಾರ್. ಅಷ್ಟೇ ಅಲ್ಲ, ಅಷ್ಟೇ ಅಲ್ಲ — ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು, ಒಳಗೆ ಒಗ್ಗರಣೆಯ ವಾಸನೆಯೇ ಇಲ್ಲ, ಅಮ್ಮ ಬಂದ ಮನೆ, ಸೊಸೆ ಜ್ವರದಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಳು, ಅವಳ ಹಾಲು ಬತ್ತಿತ್ತು. ರಾಗಿ ಸರಿ ಬಾಯಿಗಿಟ್ರೆ ಉಗೀತದೆ ಕಣವ್ವ, ಅಮ್ಮ ಇರೋ ಮನೇಲಿ ಕೂಸ ಅಳಿಸಬಾರ್ದು, ಅವಳು ಸಿಟ್ಟಾಯ್ತಾಳೆ, ಅಂದಳು ಮರಿಯಮ್ಮಜ್ಜಿ. ಸಿಟ್ಟೂ ಇಲ್ಲ ಗಿಟ್ಟೂ ಇಲ್ಲ ಸುಮ್ನಿರಜ್ಜಿ, ಅಂದವಳು ನಾನೇ, ಅಂಗೈ ನೋಡಲೆಂದು ಎತ್ತಿಕೊಂಡೆ, ಅದು ಮುಖ ತಿರುಗಿಸಿ ಎದೆ ಹುಡುಕಿತು, ಕೆಳತುಟಿಯ ನಡುವೆ ನೀರು ತುಂಬಿದ ಒಂದು ಗುಳ್ಳೆ. ನನ್ನ ಮಗ ಮಾಲಿಂಗ ಹಾಲು ಕುಡಿದು ಐದು ಗಂಟೆಯಾಗಿತ್ತು, ಎದೆ ಕಲ್ಲಾಗಿತ್ತು, ರವಿಕೆ ಒದ್ದೆ, ಗುಂಡಿ ಬಿಚ್ಚಿದ್ದು ಯಾವಾಗ, ಗೊತ್ತಿಲ್ಲ, ಅಜ್ಜಿ ಕೈಮುಗಿದಳು, ಆ ಗುಳ್ಳೆ ನನ್ನ ಮೈಗೆ ತಾಗಿತು, ಬೆಚ್ಚಗೆ. ಊರಿಗೆಲ್ಲ ಬುದ್ಧಿ ಹೇಳುವವಳು ಮಾಡಿದ ಕೆಲಸ. ನಾಚಿಕೆಯಾಗುತ್ತದೆ, ಪಶ್ಚಾತ್ತಾಪ ಮಾತ್ರ ಆಗುತ್ತಿಲ್ಲ, ಎರಡು ದಿನದ ಹಸಿವು, ಗಟಗಟನೆ ಕುಡಿದು ನಿದ್ದೆಹೋಯಿತು.

ಮಾಲಿಂಗನಿಗೆ ಎಂಟು ತಿಂಗಳು, ಮೈಯೆಲ್ಲ ಇಸುಬು, ಇಸುಬಿರೋ ಮಗುಗೆ ದಾಕು ಹಾಕಂಗಿಲ್ಲ ಅಂದವರು ಇದೇ ಡಾಕ್ಟರು, ನರ್ಸಮ್ಮನ ಮಗನ ತೋಳೇ ಬೋಳು ಅಂತ ಊರೆಲ್ಲ ಆಡಿಕೊಂಡು ನಗುತ್ತದೆ, ನಗಲಿ. ಈಗ ಸಿಡುಬೂ ತಾಗಬಾರದು, ನನ್ನ ತೋಳಿನ ಈ ದಾಕೂ ತಾಗಬಾರದು, ಇಸುಬಿನ ಮೈಗೆ ಅದೂ ಹಬ್ಬಿಬಿಡುತ್ತದೆ. ತೋಳಿನ ಹಕ್ಕಳೆ ಉದುರೋವರೆಗೂ ದೂರ ಇರಮ್ಮ, ಮೂರು ವಾರ, ಮಗೂನ ನಿಮ್ಮತ್ತೆ ಜೊತೆ ಅಮೃತೂರಿಗೆ ಕಳಿಸ್ಬಿಡು, ಅನ್ನುತ್ತಿದ್ದಾರೆ, ದನಿ ಇಳಿಸಿ ಇನ್ನೊಂದು ಮಾತು — ಬೇಕಾದ್ರೆ ಮೈಕೈ ತೊಳ್ಕೊಂಡು, ಬೇರೆ ಸೀರೆ ಉಟ್ಕೊಂಡು, ತೋಳು ಕಟ್ಟಿ, ಒಂದೇ ಒಂದ್ಸಲ ಹಾಲು ಕೊಟ್ಟು ಕಳಿಸು, ಎದೆಗೇನೂ ತಾಗಿಲ್ವಲ್ಲ. ಒಂದು ಸಲ. ಮೂರು ವಾರ ಅಂದರೆ ಹಾಲು ಬತ್ತಿಯೇ ಹೋಗುತ್ತದೆ, ಆಮೇಲೆ ಅವನಿಗೆ ನಾನು ಯಾರು. ಸುಮ್ಮನಿದ್ದರೆ ಆ ಒಂದು ಸಲ ನನ್ನದು, ಕಂಡವಳು ಅಜ್ಜಿಯೊಬ್ಬಳೇ, ಅವಳು ಬಾಯಿಬಿಡುವವಳಲ್ಲ, ಸೀತಾಳೆಯೇ ಇರಬಹುದು, ಸೋಪು ಹಚ್ಚಿ ಎರಡು ಸಲ ತೊಳೆದಿದ್ದೇನೆ — ಕೆಳತುಟಿ, ಗುಳ್ಳೆ, ಬೆಚ್ಚಗೆ. ಅಗೋ ಅತ್ತೆ ತಿಪ್ಪಮ್ಮ, ಸೊಂಟದ ಮೇಲೆ ಅವನು, ಮೆಟ್ಟಿಲವರೆಗೂ ಬಂದೇಬಿಟ್ಟರು. ಅಳ್ತಾವ್ನೆ ಕಣೇ, ಸರಿ ತಿನ್ನಾಕಿಲ್ಲ ಅಂತಾನೆ, ತಗೋ. ಅವನು ನನ್ನ ಕಂಡು ಅಳು ನಿಲ್ಲಿಸಿದ, ಎರಡೂ ಕೈ ಮುಂದಕ್ಕೆ. ಬೇಡ ಅತ್ತೆ, ಅಲ್ಲೇ ನಿಂತ್ಕಳಿ. ಸಾರ್, ಸುಳ್ಳು ಹೇಳ್ದೆ, ಆ ಕೂಸಿಗೆ ನಾನು ಮೊಲೆ ಕೊಟ್ಟಿದೀನಿ, ಅದರ ತುಟಿ ಮೇಲೂ ಗುಳ್ಳೆ ಇತ್ತು. ಕೈ ತೊಳೆಯುತ್ತಿದ್ದ ಡಾಕ್ಟರು ಹಾಗೇ ನಿಂತರು, ಏನಂದ್ಯೇ, ಅಂದರು ಅತ್ತೆ, ಬೈಯಲಿಲ್ಲ, ಸೆರಗಿನಿಂದ ಅವನನ್ನು ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದೆ, ಇನ್ನೊಂದು ಹೆಜ್ಜೆ, ಸೆರಗು ಸರಿಸಿ ಅವನು ಮುಖ ಹೊರಗೆ ಹಾಕಿದ, ಅಳು ಮತ್ತೆ, ಬಾಯಿ ಅಗಲ, ನನ್ನ ರವಿಕೆ ತಾನಾಗಿ ಒದ್ದೆಯಾಗುತ್ತಿದೆ, ತಡೆಯಲು ಬರುವುದಿಲ್ಲ, ಅವನ ಕೆಳತುಟಿ, ನಡುಗುವ ಕೆಳತುಟಿ, ನುಣ್ಣಗೆ, ಏನೂ ಇಲ್ಲ ಅದರ ಮೇಲೆ, ಏನೂ ಇಲ್ಲ, ಕೆಳತುಟಿ —