ಐದು ವರ್ಷಕ್ಕೊಮ್ಮೆ ಬರುವ ಇಳಿಜಾರು

ನಮ್ಮ ಕ್ಷೇತ್ರದ ಚರಿತ್ರೆ ಬೇಕಾದರೆ ನನ್ನನ್ನು ಕೇಳಿ. ಮೊದಲ ಓಟು ಹಾಕಿದಾಗಿನಿಂದ ನನ್ನ ಮತಗಟ್ಟೆ ಬದಲಾಗಿಲ್ಲ. ನಮ್ಮ ಬೀದಿಯ ಸರ್ಕಾರಿ ಶಾಲೆ, ಅದರ ಮೂರನೇ ತರಗತಿಯ ಕೋಣೆ, ಅದಕ್ಕೆ ಹತ್ತುವ ನಾಲ್ಕು ಕಲ್ಲಿನ ಮೆಟ್ಟಿಲು. ಊರಿನ ನಟ್ಟನಡುವಿನ ಕ್ಷೇತ್ರ ನಮ್ಮದು, ಕೆಳಗೆ ಅಂಗಡಿ, ಮೇಲೆ ಸಂಸಾರ. ನಮ್ಮ ಮನೆ ಮಾತ್ರ ಬೀದಿಯ ಮಟ್ಟಕ್ಕೇ ಇದೆ.

ಮೊದಲು ವಕೀಲರೊಬ್ಬರು ಗೆದ್ದರು, ಗೆಲ್ಲುತ್ತಲೇ ಹೋದರು. ಚರಂಡಿ ಮುಚ್ಚಿಸುತ್ತೇನೆ ಅಂದಿದ್ದರು. ಅವರೇ ಕಣ್ಣು ಮುಚ್ಚಿದರು, ಚರಂಡಿ ಇನ್ನೂ ಬಾಯಿ ತೆರೆದುಕೊಂಡಿದೆ. ಆಮೇಲೆ ಗಿರಣಿ ಸಂಘದ ಮುಖಂಡ. ಅವನಿಗಾಗಿ ನಾವು ಬೀದಿಯ ಮೂಲೆಯವರೆಗೆ ಸಾಲು ನಿಂತಿದ್ದೆವು. ಅವನ ಕಾಲದಲ್ಲೇ ಗಿರಣಿಗೆ ಬೀಗ ಬಿತ್ತು, ನನ್ನ ಗಂಡ ಮನೆಗೆ ಬಂದು ಕೂತ. ಅವನ ನಂತರ ಸಿನಿಮಾ ನಟ. ಓಟು ಕೇಳಲು ಒಮ್ಮೆ ಬಂದ, ಗೆದ್ದೆ ಎಂದು ಹೇಳಲು ಇನ್ನೊಮ್ಮೆ ಬಂದ. ಅಷ್ಟರಲ್ಲಿ ಕ್ಷೇತ್ರದ ಗಡಿ ತಿದ್ದಿದರು, ಎದುರುಮನೆಯವಳು ಪಕ್ಕದ ಕ್ಷೇತ್ರಕ್ಕೆ ಹೋದಳು. ಇಬ್ಬರೂ ಒಂದೇ ನಲ್ಲಿಯಲ್ಲಿ ನೀರು ಹಿಡಿಯುತ್ತೇವೆ, ಬೈಯಲು ಮಾತ್ರ ಬೇರೆ ಬೇರೆ ಎಂ.ಪಿ. ಕಳೆದ ಸಲ ಗೆದ್ದವನು ಒಬ್ಬ ಗುತ್ತಿಗೆದಾರ, ಈ ಸಲವೂ ಅವನೇ ನಿಂತಿದ್ದ. ಉಂಡೂ ಹೋದ, ಕೊಂಡೂ ಹೋದ ಅನ್ನುವ ಜಾತಿಯವರೇ ಎಲ್ಲರೂ.

ಇದನ್ನೆಲ್ಲ ನಾನು ನುಂಗಿಕೊಂಡಿದ್ದೆ. ಹೊಲಿಗೆ ಅಂಗಡಿಗೆ ಗುಂಡಿ ಹಾಕಿಕೊಡುವ ಮುದುಕಿಗೆ ಊರ ಉಸಾಬರಿ ಯಾಕೆ? ಆದರೆ ಮೊಮ್ಮಗಳ ವಿಷಯದಲ್ಲಿ ನುಂಗಲಾಗಲಿಲ್ಲ.

ಅವಳನ್ನು ನಾವು ಗಿಣಿ ಎನ್ನುತ್ತೇವೆ, ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ. ಹುಟ್ಟಿನಿಂದ ಕಾಲಿಗೆ ಬಲವಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ. ಅದೇ ಮೂರನೇ ತರಗತಿಯಲ್ಲಿ ಓದುತ್ತಾಳೆ. ನಡುವೆ, ಓದುತ್ತಿದ್ದಳು ಎನ್ನುವ ಹಾಗಾಗಿತ್ತು. ದಿನಾ ಬೆಳಿಗ್ಗೆ ನನ್ನ ಮಗಳು ಅವಳನ್ನು ಹೊತ್ತು ಮೆಟ್ಟಿಲು ಹತ್ತಿಸಿ, ಕೆಳಗಿಳಿದು ಕುರ್ಚಿ ಹೊತ್ತು ಮತ್ತೆ ಹತ್ತಿ, ಆಮೇಲೆ ಲಾಂಡ್ರಿ ಕೆಲಸಕ್ಕೆ ಓಡುತ್ತಿದ್ದಳು. ಹುಡುಗಿ ಬೆಳೆದಳು, ಮಗಳ ಬೆನ್ನು ಕೈಕೊಟ್ಟಿತು. ಇನ್ನು ಭಾರ ಎತ್ತಿದರೆ ಹಾಸಿಗೆಯೇ ಗತಿ ಎಂದರು ಡಾಕ್ಟರು. ಅಳಿಯ ಬಡಗಿ, ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೊರಡುವವನು. ಒಂದು ಭಾನುವಾರ ಕೂತು ಗಟ್ಟಿ ಹಲಗೆಯಲ್ಲಿ ಇಳಿಜಾರು ಮಾಡಿ, ಕುರ್ಚಿ ಉರುಳಿಕೊಂಡು ಹೋಗುವಂತೆ ಮೆಟ್ಟಿಲಿಗೆ ಕೂರಿಸಿ ಬಂದ. ಮರುದಿನವೇ ಹೆಡ್‌ಮಾಸ್ಟರು ಅದನ್ನು ಕೀಳಿಸಿ ಹಿತ್ತಲಿಗೆ ಹಾಕಿಸಿದರು.

“ಅನುಮತಿ ಇಲ್ದೆ ಸರ್ಕಾರಿ ಕಟ್ಟಡಕ್ಕೆ ಏನೂ ಸೇರಿಸೋ ಹಾಗಿಲ್ಲಮ್ಮ. ಯಾರಾದ್ರೂ ಜಾರಿ ಬಿದ್ರೆ ನನ್ನ ತಲೆಗೆ ಬರುತ್ತೆ,” ಎಂದರು.

“ಅನುಮತಿ ಯಾರು ಕೊಡ್ಬೇಕು?”

“ನಗರಸಭೆಯವರು.”

ನಗರಸಭೆಯವರು ಶಿಕ್ಷಣ ಇಲಾಖೆ ಎಂದರು. ಇಲಾಖೆಯವರು ಎಂ.ಪಿ.ಯನ್ನು ಕೇಳಿ ಎಂದರು. ಗುತ್ತಿಗೆದಾರನ ಕಚೇರಿಯಲ್ಲಿ ಕನ್ನಡಕದವನೊಬ್ಬ ಫೋನಿನಿಂದ ತಲೆ ಎತ್ತದೆ, ಚುನಾವಣೆ ಮುಗೀಲಿ ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರೇ ಕಾಣಲಿಲ್ಲ, ಎಲ್ಲಿ ನೋಡಿದರೂ ಪೂಜಾರಿಗಳೇ. ಅಳಿಯನ ಹಲಗೆ ಹಿತ್ತಲಲ್ಲಿ ಮಳೆಗೆ ನೆನೆದು ಕೊಳೆಯಿತು. ಗಿಣಿ ಕಿಟಕಿಯಲ್ಲಿ ಕೂತು, ಶಾಲೆ ಬಿಟ್ಟು ಬರುವ ಮಕ್ಕಳನ್ನು ಇವತ್ತೇನು ಪಾಠ ಆಯ್ತು ಎಂದು ಕೇಳುತ್ತಿದ್ದಳು.

ಓಟಿನ ಹಿಂದಿನ ಸಂಜೆ ಲಾರಿಯಲ್ಲಿ ಇಳಿಜಾರು ಬಂತು. ಹೌದು, ತಾನಾಗಿ ಬಂತು. ದಪ್ಪ ಮರ, ಎರಡೂ ಕಡೆ ಹಿಡಿಕೆ. ನಡೆಯಲಾಗದ ಮತದಾರರಿಗೆ ತೊಂದರೆ ಆಗಬಾರದು ಎಂದು ನಿಯಮವಂತೆ. ಆ ಒಂದು ದಿನಕ್ಕೆ ಯಾರೂ ಯಾರ ಅನುಮತಿಯನ್ನೂ ಕೇಳಲಿಲ್ಲ.

ಬೆಳಿಗ್ಗೆ ಗಿಣಿಯನ್ನು ತಳ್ಳಿಕೊಂಡು ಓಟಿಗೆ ಹೋದೆ. ಇಳಿಜಾರು ನೋಡಿ ಅವಳ ಮುಖ ಅರಳಿತು.

“ಅಜ್ಜಿ, ನನ್ನ ಕ್ಲಾಸ್ ನೋಡ್ಕೊಂಡ್ ಬರ್ತೀನಿ. ಒಂದೇ ಸಲ.”

ಪೊಲೀಸಿನವನು ಲಾಠಿ ಅಡ್ಡ ಹಿಡಿದ. “ಮತದಾರರಿಗೆ ಮಾತ್ರ.”

ಅಷ್ಟರಲ್ಲಿ ಅಧಿಕಾರಿಯೊಬ್ಬ ಖಾಲಿ ಗಾಲಿಕುರ್ಚಿ ತಂದು ನನ್ನ ಮುಂದೆ ನಿಲ್ಲಿಸಿದ. “ಹಿರಿಯರು ಇದ್ರಲ್ಲಿ ಕೂತ್ಕೊಳ್ಳಿ.”

“ನನ್ನ ಕಾಲು ಚೆನ್ನಾಗಿದೆಯಪ್ಪ. ನಡೆಯೋಕಾಗದವಳು ಇವಳು.”

“ಓಟು ನಿಮ್ದಲ್ವಾ ಅಜ್ಜಿ? ಕೂತ್ಕೊಳ್ಳಿ, ಫೋಟೊ ತೆಗೀತಾರೆ.”

ಭುಜ ಒತ್ತಿ ಕೂರಿಸಿಯೇ ಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಡೆಯಬಲ್ಲ ನನ್ನನ್ನು ಇಬ್ಬರು ತಳ್ಳಿ ಹತ್ತಿಸಿದರು, ನಡೆಯಲಾಗದ ಮಗು ಕೆಳಗೇ ಉಳಿಯಿತು. ಒಳಗೆ, ಓಟು ಒತ್ತುವ ಯಂತ್ರದ ಹಿಂದಿನ ಗೋಡೆಯಲ್ಲಿ, ಗಿಣಿ ಬಿಡಿಸಿದ್ದ ಹಸುವಿನ ಚಿತ್ರ ಇನ್ನೂ ಇತ್ತು. ಇಳಿದು ಬಂದು ಅವಳಿಗೆ ಹೇಳಿದೆ. ಅವಳು ಮನೆ ತಲುಪುವವರೆಗೂ ಕುರ್ಚಿಯಲ್ಲಿ ಹಿಂತಿರುಗಿ ಶಾಲೆಯ ಕಡೆಗೇ ನೋಡುತ್ತಿದ್ದಳು.

ಮರುದಿನ ಲಾರಿಯವರು ಇಳಿಜಾರನ್ನು ಹೊತ್ತುಕೊಂಡು ಹೊರಟರು. ಇಲ್ಲೇ ಬಿಟ್ಟು ಹೋಗ್ರಪ್ಪ ಎಂದು ಕೈಮುಗಿದೆ. ಚುನಾವಣೆಯವರ ಸಾಮಾನು ಅಜ್ಜಿ, ಮುಂದಿನ ಸಲ ತರ್ತೀವಿ ಎಂದು ನಕ್ಕರು.

ಗುತ್ತಿಗೆದಾರನೇ ಗೆದ್ದ. ಎರಡೇ ದಿನಕ್ಕೆ ಶಾಲೆಯ ಗೇಟಿನ ಪಕ್ಕದಲ್ಲಿ ಪ್ಲೈವುಡ್‌ನ ದೊಡ್ಡ ಬೋರ್ಡು ಎದ್ದಿತು. ಹಲ್ಲು ಬಿಟ್ಟುಕೊಂಡು ಕೈಮುಗಿದ ಅವನ ಮುಖ, ಅದರ ಕೆಳಗೆ ಗಾಲಿಕುರ್ಚಿಯಲ್ಲಿ ಇಳಿಜಾರು ಹತ್ತುತ್ತಿರುವ ನಾನು. ‘ನಮ್ಮ ಕ್ಷೇತ್ರದ ಹೆಮ್ಮೆ’ ಎಂದು ಬರೆದಿತ್ತು. ಇದಕ್ಕೆ ಯಾವ ಅನುಮತಿ ಇತ್ತೋ, ಹೆಡ್‌ಮಾಸ್ಟರು ಕೇಳಲಿಲ್ಲ. ದಿನಾ ಅದರ ಪಕ್ಕದಲ್ಲೇ ಹಾದುಹೋಗುತ್ತಿದ್ದರು.

ಸೋಮವಾರ ಅಳಿಯನನ್ನು ಕೆಲಸಕ್ಕೆ ಬಿಡಲಿಲ್ಲ. ಸುತ್ತಿಗೆ, ಮೊಳೆ ಹಿಡ್ಕೊಂಡು ಬಾ ಎಂದೆ, ಗಿಣಿಯ ಕುರ್ಚಿ ತಳ್ಳಿಕೊಂಡು ನಾನೂ ಹೊರಟೆ. ಬೋರ್ಡಿನ ಮುಂದೆ ನಿಂತಾಗ ಅವನಿಗೆ ವಿಷಯ ತಿಳಿಯಿತು.

“ಅತ್ತೆ, ಕೇಸ್ ಹಾಕ್ತಾರೆ.”

“ಹಾಕ್ಲಿ. ನನ್ನ ಮುಖ ಅಂಟಿಸುವಾಗ ನನ್ನನ್ನ ಕೇಳಿದ್ರಾ?”

ಅವನು ಬೋರ್ಡು ಇಳಿಸಿದ, ಮೆಟ್ಟಿಲಿಗೆ ಹಾಸಿದ, ಬಾಗದಂತೆ ಅದರ ಕೆಳಗೆ ಮರದ ತುಂಡು ಕೊಟ್ಟ. “ಮುಖ ಕೆಳಗೆ ಮಾಡೋಣ. ಬಣ್ಣದ ಕಡೆ ಜಾರುತ್ತೆ.”

“ಮೇಲೇ ಇರ್ಲಿ. ಜಾರದ ಹಾಗೆ ಏನ್ ಹೊಡೀತೀಯೋ ಹೊಡಿ.”

ಅವನು ಸಣ್ಣ ಪಟ್ಟಿಗಳನ್ನು ಅಡ್ಡಡ್ಡಲಾಗಿ ಹೊಡೆದ. ಒಂದು ಹಣೆಗೆ, ಒಂದು ಮೀಸೆಗೆ, ಒಂದು ಆ ಹಲ್ಲಿಗೆ. ನನ್ನ ಮೂಗಿನ ಮೇಲೂ ಒಂದು ಬಿತ್ತು, ಬೀಳಲಿ.

ಸದ್ದಿಗೆ ಹೆಡ್‌ಮಾಸ್ಟರು ಓಡಿಬಂದರು. “ಏನಮ್ಮ ಇದು, ಮೊದ್ಲು ತೆಗೀರಿ.”

“ನೀವೇ ತೆಗೀರಿ ಸಾರ್. ನನ್ನ ಅಳಿಯನ ಹಲಗೆ ಕಿತ್ತು ಹಾಕಿದ್ರಲ್ಲ, ಹಾಗೇ ಸಾಹೇಬರನ್ನೂ ಕಿತ್ತು ಹಿತ್ತಲಿಗೆ ಹಾಕಿ. ಬೀದಿಯವರೆಲ್ಲ ನೋಡ್ಲಿ.”

ಅವರು ಬಗ್ಗಿದರು, ಕೈ ಚಾಚಿದರು. ಸಾಹೇಬರ ಕಣ್ಣು ಕಂಡಿತೇನೋ, ಕೈ ಹಿಂದಕ್ಕೆ ಬಂತು. ಮೇಲಿನವರನ್ನು ಕೇಳಿ ಹೇಳ್ತೀನಿ ಎಂದು ಒಳಗೆ ಹೋದರು. ಇವತ್ತಿಗೂ ಕೇಳುತ್ತಲೇ ಇದ್ದಾರೆ.

ಗಿಣಿ ಎರಡೂ ಗಾಲಿಗೆ ಕೈ ಹಾಕಿ ತಾನೇ ತಳ್ಳಿಕೊಂಡು ಹತ್ತಿದಳು. ಪಟ್ಟಿಗಳ ಮೇಲೆ ಗಾಲಿ ಟಕಟಕ ಎಂದಿತು. ಬಾಗಿಲಲ್ಲಿ ಕುರ್ಚಿ ತಿರುಗಿಸಿ ಕೆಳಗೆ ನೋಡಿದಳು.

“ಅಜ್ಜಿ, ಈ ಎಂ.ಪಿ. ಐದು ವರ್ಷವೂ ನಮ್ಮ ಬೀದೀಲೇ ಇರ್ತಾರಾ?”

“ಇರ್ತಾನೆ ಕಣೆ. ಈ ಸಲ ಎಲ್ಲಿಗೂ ಹೋಗಲ್ಲ,” ಎಂದೆ. “ನೀನು ಕ್ಲಾಸಿಗೆ ಹೋಗು.”